ಗುಜರಿ ಬಾಡಿಯಿಂದ ಫಿಕ್ಸಿ ಕಟ್ಟೋದು: ಬೆಂಗಳೂರು ರೋಡಿಗೆ, ಕಮ್ಮಿ ದುಡ್ಡಲ್ಲಿ

ಫಿಕ್ಸಿ, ಅಂದ್ರೆ ಫಿಕ್ಸೆಡ್ ಗೇರ್ ಸೈಕಲ್, ಇಷ್ಟೇ, ಹಿಂದಿನ ಚಕ್ರದಲ್ಲಿ ಫ್ರೀವೀಲ್ ಇರಲ್ಲ. ಮಾಮೂಲಿ ಸೈಕಲಲ್ಲಿ ತುಳಿಯೋದು ನಿಲ್ಲಿಸಿದ್ರೆ ಟಿಕ್ ಟಿಕ್ ಅಂತ ಸೌಂಡ್ ಮಾಡ್ಕೊಂಡು ಸೈಕಲ್ ತಾನೇ ಹೋಗ್ತಾ ಇರತ್ತಲ್ಲ, ಆ ಸೌಂಡ್ ಬರೋ ಪಾರ್ಟೇ ಫ್ರೀವೀಲ್. ಅದರ ಜಾಗದಲ್ಲಿ ಚಕ್ರದ ನಡುವಿನ ಹಬ್ಬಿಗೆ ನೇರವಾಗಿ ಒಂದು ಹಲ್ಲಿನ ಚಕ್ರ ತಿರುಗಿಸಿ ಕೂರಿಸ್ತಾರೆ, ಅದಕ್ಕೆ ಕಾಗ್ ಅಂತಾರೆ. ಆಮೇಲೆ ಚಕ್ರ ತಿರುಗ್ತಾ ಇರೋವರೆಗೂ ಪೆಡಲ್ಲೂ ತಿರುಗ್ತಾನೇ ಇರತ್ತೆ, ಇಳಿಜಾರಲ್ಲೂ, ತಿರುವಲ್ಲೂ, ಹಂಪ್ ಮೇಲೂ ಕಾಲು ಆಡ್ತಾನೇ ಇರಬೇಕು. ಕಾಲು ನಿಧಾನ ಮಾಡಿದ್ರೆ ಸೈಕಲ್ ನಿಧಾನ ಆಗತ್ತೆ. ಟ್ರಾಫಿಕ್ಕಲ್ಲಿ ಇದರ ಖುಷಿ ಇರೋದೇ ಇಲ್ಲಿ, ಸ್ಪೀಡು ಪೂರ್ತಿ ಕಾಲಲ್ಲೇ ಕಂಟ್ರೋಲ್ ಆಗತ್ತೆ, ಸಿಗ್ನಲ್ ಇನ್ನೂ ನೂರು ಅಡಿ ದೂರ ಇರೋವಾಗ್ಲೇ ನಿಮ್ಮ ಕಾಲು ತಾನಾಗೇ ಸ್ಲೋ ಮಾಡೋಕೆ ಶುರು ಮಾಡಿರತ್ತೆ.

ಇನ್ನೊಂದು ಖುಷಿ ಅಂದ್ರೆ ಪಾರ್ಟ್ಸ್ ಕಮ್ಮಿ. ಗೇರ್ ಕೇಬಲ್ ಇಲ್ಲ, ಡಿರೈಲರ್ ಇಲ್ಲ, ಶಿಫ್ಟರ್ ಇಲ್ಲ, ಹಾಗಾಗಿ ಕೆಡೋಕೆ ಜಾಸ್ತಿ ಏನೂ ಇಲ್ಲ, ಹಳೇ ಬಾಡಿ ಒಂದು ಸಿಕ್ಕಿದ್ರೆ ಮನೇಲೇ ಕಟ್ಟಬಹುದು. ಆದ್ರೆ ಶುರುವಲ್ಲೇ ಒಂದು ಮಾತು ಹೇಳಿಬಿಡ್ತೀನಿ. ಸೀಟಲ್ಲಿ ಉಳಿಸಿ, ಹ್ಯಾಂಡಲ್ಲಲ್ಲಿ ಉಳಿಸಿ, ಪೇಂಟಲ್ಲಿ ಉಳಿಸಿ, ಎಲ್ಲಿ ಬೇಕಾದ್ರೂ ದುಡ್ಡು ಉಳಿಸಿ, ಹಿಂದಿನ ಹಬ್ಬು ಮತ್ತೆ ಮುಂದಿನ ಬ್ರೇಕು ಇವೆರಡರಲ್ಲಿ ಮಾತ್ರ ಜುಗ್ಗತನ ಮಾಡಬೇಡಿ. ಬಜೆಟ್ಟಲ್ಲಿ ಮೊದಲು ಇವೆರಡಕ್ಕೆ ದುಡ್ಡು ಎತ್ತಿಟ್ಟು, ಉಳಿದಿದ್ದರಲ್ಲಿ ಮಿಕ್ಕಿದ ಸೈಕಲ್ ಕಟ್ಟಿ.

"ಫಿಕ್ಸಿಗೆ ಬ್ರೇಕೇ ಬೇಡ, ಕಾಲಲ್ಲೇ ನಿಲ್ಲಿಸ್ತಾರೆ" ಅಂತ ವಿಡಿಯೋ ನೋಡಿ ಬಂದವರು ಹೇಳ್ತಾರೆ. ಬ್ರೇಕಿಲ್ಲದ ಫಿಕ್ಸೆಡ್ ಸೈಕಲ್ ಇರೋದು ಟ್ರ್ಯಾಕ್ ರೇಸಿಗೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ಟ್ರ್ಯಾಕ್ ಸೈಕ್ಲಿಸ್ಟ್‌ಗಳು ಓಡಿಸೋದು ಅದನ್ನೇ. ವೆಲೊಡ್ರೋಮಲ್ಲಿ, ಅಂದ್ರೆ ಸೈಕಲ್ ರೇಸಿನ ಟ್ರ್ಯಾಕಲ್ಲಿ, ಎಲ್ರೂ ಒಂದೇ ದಿಕ್ಕಲ್ಲಿ ಹೋಗ್ತಾರೆ, ಒಬ್ಬರ ಹಿಂದೆ ಒಬ್ಬರು ಅಂಟ್ಕೊಂಡು ಇರ್ತಾರೆ, ಮುಂದಿನವನು ಗಕ್ಕಂತ ಬ್ರೇಕ್ ಹಿಡಿದ್ರೆ ಹಿಂದಿನವರೆಲ್ಲ ಬೀಳ್ತಾರೆ, ಅದಕ್ಕೇ ಅಲ್ಲಿ ಬ್ರೇಕ್ ಇಲ್ಲ. ನಮ್ಮ ರೋಡಲ್ಲಿ ಎಡಗಡೆಯಿಂದ ಆಟೋ ನುಗ್ಗತ್ತೆ, ಬಸ್ಸು ಸ್ಟಾಪಿಗೆ ಒಮ್ಮೆಲೇ ತಿರುಗತ್ತೆ, ಒನ್ ವೇಲಿ ಎದುರುಗಡೆಯಿಂದ ಸ್ಕೂಟರ್ ಬರತ್ತೆ. ಮುಂದಿನ ಬ್ರೇಕ್ ಇರಲೇಬೇಕು, ಇದರಲ್ಲಿ ಚರ್ಚೆ ಬೇಡ.

ಸ್ಟೆಪ್ 1: ಬಾಡಿ ಹುಡುಕೋದು

ಸ್ಟೀಲ್ ಬಾಡಿನೇ ಬೇಕು. ಜೇಬಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಕೊಂಡು ಹೋಗಿ, ಅಂಟಿದ್ರೆ ಸ್ಟೀಲು. ಆಮೇಲೆ ಎಲ್ಲಕ್ಕಿಂತ ಮುಖ್ಯವಾಗಿ ಹಿಂದಿನ ಚಕ್ರದ ಆಕ್ಸೆಲ್ ಕೂರೋ ಸೀಳು ನೋಡಿ. ಅದು ಅಡ್ಡಡ್ಡ, ಅಂದ್ರೆ ನೆಲಕ್ಕೆ ಹೆಚ್ಚುಕಮ್ಮಿ ಸಮವಾಗಿ ಉದ್ದಕ್ಕೆ ಇರಬೇಕು, ಚಕ್ರವನ್ನ ಹಿಂದೆ ಮುಂದೆ ಸರಿಸೋಕೆ ಆಗಬೇಕು. ಫಿಕ್ಸಿಯಲ್ಲಿ ಚೈನ್ ಬಿಗಿ ಮಾಡೋದು ಚಕ್ರ ಹಿಂದಕ್ಕೆ ಎಳೆದೇ. ಈಗಿನ ಗೇರ್ ಸೈಕಲ್‌ಗಳಲ್ಲಿ ಈ ಸೀಳು ಮೇಲಿಂದ ಕೆಳಕ್ಕೆ ನೆಟ್ಟಗೆ ಇರತ್ತೆ, ಅದು ನಮ್ಮ ಕೆಲಸಕ್ಕೆ ಬರಲ್ಲ. ಸ್ಪ್ರಿಂಗ್ ಇರೋ ಟೆನ್ಶನರ್ ಹಾಕಿ ಅಡ್ಜಸ್ಟ್ ಮಾಡೋಣ ಅನ್ಕೋಬೇಡಿ, ಹಿಂದಕ್ಕೆ ಒತ್ತಿದ ತಕ್ಷಣ ಕೆಳಗಿನ ಚೈನ್ ಬಿಗಿಯಾಗಿ ಆ ಟೆನ್ಶನರ್ ಮುರ್ಕೊಂಡು ಹೋಗತ್ತೆ.

ನಮ್ಮ ಊರಿನ ಹಳೇ ಸೈಕಲ್‌ಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಬಿಎಸ್‌ಎ ಎಸ್‌ಎಲ್‌ಆರ್, ಹೀರೋ ಹಾಕ್, ಹರ್ಕ್ಯುಲಿಸ್, ಅಟ್ಲಾಸ್, ಯಾವುದಾದ್ರೂ ಆಗಬಹುದು. ಅಟ್ಲಾಸ್‌ನೋರು ಸಾಹಿಬಾಬಾದ್ ಫ್ಯಾಕ್ಟರಿ ಬಾಗಿಲು ಹಾಕಿದ್ದು 2020ರ ಜೂನ್ 3ಕ್ಕೆ, ಅದೂ ವಿಶ್ವ ಸೈಕಲ್ ದಿನದಂದೇ, ಅದನ್ನ ಓದಿದಾಗ ನಂಗೆ ನಿಜವಾಗ್ಲೂ ಬೇಜಾರಾಯ್ತು. ಎಷ್ಟೋ ಮನೆಗಳ ಶೀಟಿನ ಕೆಳಗೆ ಅಪ್ಪಂದೋ ತಾತಂದೋ ಅಟ್ಲಾಸ್ ಇನ್ನೂ ಧೂಳು ತಿಂತಾ ನಿಂತಿದೆ, ಮೊದಲು ನಿಮ್ಮ ಮನೆ, ನೆಂಟರ ಮನೆ, ಊರಿನ ಮನೆ ನೋಡಿ, ಆಮೇಲೆ ಗುಜರಿಗೆ ಹೋಗಿ. ಗುಜರಿಯಲ್ಲಿ ಬರೀ ಬಾಡಿ ಫೋರ್ಕಿಗೆ ಎರಡು ಸಾವಿರದ ಮೇಲೆ ಕೇಳಿದ್ರೆ ಎದ್ದು ಬನ್ನಿ, ಇನ್ನೊಂದು ಸಿಕ್ಕೇ ಸಿಗತ್ತೆ. ಯಾರದ್ದು, ಎಲ್ಲಿಂದ ಬಂತು ಅಂತ ಕೇಳಿ, ಕದ್ದ ಮಾಲು ಅನ್ನೋ ಅನುಮಾನ ಬಂದ್ರೆ ಮುಟ್ಟಬೇಡಿ.

ತಗೊಳ್ಳೋಕೆ ಮುಂಚೆ ತಲೆಕೆಳಗೆ ಮಾಡಿ ಪೆಡಲ್ ಆಕ್ಸೆಲ್ ಇರೋ ಡಬ್ಬಿ ಕೆಳಗೆ ನೋಡಿ, ನೀರು ನಿಂತು ತುಕ್ಕು ಹಿಡಿಯೋ ಜಾಗ ಅದು, ಸ್ಕ್ರೂಡ್ರೈವರಲ್ಲಿ ಕುಟ್ಟಿದ್ರೆ ಚೂರು ಉದುರಿದ್ರೆ ಬಿಡಿ. ಹ್ಯಾಂಡಲ್ ಕೊಳವೆ ಹತ್ರ ಪೇಂಟಲ್ಲಿ ಗೆರೆ ಬಿಟ್ಟಿದ್ರೆ ಅಥವಾ ಉಬ್ಬಿದ್ರೆ ಎಲ್ಲೋ ಗುದ್ದಿದೆ ಅಂತ ಅರ್ಥ, ಅದನ್ನೂ ಬಿಡಿ. ಮೇಲ್ಮೈ ತುಕ್ಕಿಗೆ ಹೆದರಬೇಡಿ, ಸ್ಯಾಂಡ್ ಪೇಪರ್ ಹೊಡೆದು ರೆಡ್ ಆಕ್ಸೈಡ್ ಬಳಿದ್ರೆ ಸಾಕು.

ರಾಡ್ ಬ್ರೇಕಿನ ದೊಡ್ಡ ಸೈಕಲ್ಲಾ, ಕೇಬಲ್ ಬ್ರೇಕಿನ ಸೈಕಲ್ಲಾ ಅನ್ನೋದು ದೊಡ್ಡ ಪ್ರಶ್ನೆ. ಆಯ್ಕೆ ಇದ್ರೆ ಕೇಬಲ್ ಬ್ರೇಕಿನದ್ದೇ ತಗೊಳ್ಳಿ. ರಾಡ್ ಬ್ರೇಕಿನ ರಿಮ್ಮಿಗೆ ಪಕ್ಕದಲ್ಲಿ ಚಪ್ಪಟೆ ಜಾಗನೇ ಇಲ್ಲ, ಅದರ ಬ್ರೇಕ್ ಕಟ್ಟೆ (ರಬ್ಬರ್) ಕಡ್ಡಿ ಇರೋ ಕಡೆಯಿಂದ ಒತ್ತತ್ತೆ, ಹಾಗಾಗಿ ರಿಮ್ಮನ್ನ ಎರಡು ಪಕ್ಕದಿಂದ ಹಿಡಿಯೋ ಕ್ಯಾಲಿಪರ್ ಬ್ರೇಕ್ ಹಾಕಬೇಕು ಅಂದ್ರೆ ಮುಂದಿನ ರಿಮ್ ಬದಲಾಯಿಸಲೇಬೇಕು, ಫೋರ್ಕಿನ ತಲೆಯಲ್ಲಿ ಬ್ರೇಕ್ ಬೋಲ್ಟಿಗೆ ತೂತು ಇದ್ಯಾ ಅಂತಲೂ ನೋಡಬೇಕು.

ಸ್ಟೆಪ್ 2: ಹಿಂದಿನ ಚಕ್ರ

ಇಲ್ಲೇ ಜನ ಶಾರ್ಟ್‌ಕಟ್ ಹುಡುಕೋದು, ಇಲ್ಲೇ ಜನ ಬೀಳೋದು. ವೆಲ್ಡಿಂಗ್ ಶಾಪಿಗೆ ಹೋಗಿ ಫ್ರೀವೀಲನ್ನೇ ವೆಲ್ಡ್ ಮಾಡಿಸಿ "ನೋಡಿ, ಫಿಕ್ಸಿ ರೆಡಿ" ಅಂತಾರೆ, ಬೇಡ, ದಯವಿಟ್ಟು ಬೇಡ. ಯಾಕೆ ಅಂತ ಅರ್ಥ ಮಾಡ್ಕೊಳ್ಳಿ. ಫ್ರೀವೀಲ್ ಹಬ್ಬಿಗೆ ಮರೆ (ಸ್ಕ್ರೂ ಥ್ರೆಡ್) ಮೇಲೆ ತಿರುಗಿ ಕೂತಿರತ್ತೆ, ಮುಂದಕ್ಕೆ ತುಳಿದಷ್ಟೂ ಬಿಗಿ ಆಗತ್ತೆ, ಹಿಂದಕ್ಕೆ ಒತ್ತಿದ್ರೆ ಬಿಚ್ಚೋಕೆ ನೋಡತ್ತೆ. ಮಾಮೂಲಿ ಸೈಕಲಲ್ಲಿ ಹಿಂದಕ್ಕೆ ಒತ್ತೋ ಮಾತೇ ಇಲ್ಲ, ಅದಕ್ಕೇ ತೊಂದ್ರೆ ಆಗಲ್ಲ. ವೆಲ್ಡ್ ಮಾಡಿದ ಮೇಲೆ ನೀವು ಸ್ಲೋ ಮಾಡೋಕೆ ಒತ್ತೋ ಪ್ರತಿ ಸಲನೂ ಅದು ಬಿಚ್ಚೋ ದಿಕ್ಕಿಗೆ ತಿರುಗತ್ತೆ, ಒಂದು ದಿನ ಇಳಿಜಾರಲ್ಲಿ, ನಿಮಗೆ ನಿಲ್ಲಿಸಲೇಬೇಕಾದ ಹೊತ್ತಲ್ಲೇ, ಪೂರ್ತಿ ಸಡಿಲ ಆಗತ್ತೆ.

ಟ್ರ್ಯಾಕ್ ಹಬ್ಬಲ್ಲಿ ಇದಕ್ಕೆ ಪರಿಹಾರ ಇದೆ. ಅದರಲ್ಲಿ ಎರಡು ಮೆಟ್ಟಿಲ ಥರ ಮರೆ ಇರತ್ತೆ, ಒಳಗಿನದ್ದು ದೊಡ್ಡದು, ಕಾಗಿಗೆ, ಹೊರಗಿನದ್ದು ಸ್ವಲ್ಪ ಚಿಕ್ಕದು, ಲಾಕ್ ರಿಂಗಿಗೆ, ಅದು ಉಲ್ಟಾ ಮರೆ. ಕಾಗ್ ಬಿಚ್ಚೋಕೆ ನೋಡಿದ್ರೆ ಲಾಕ್ ರಿಂಗ್ ಇನ್ನೂ ಬಿಗಿ ಆಗತ್ತೆ. ಮಾಮೂಲಿ ಹಬ್ಬಲ್ಲೂ ಕಾಗ್ ಕೂರತ್ತೆ, ಮರೆ ಒಂದೇ ಅಳತೆ, ಅಗಲ 1.37 ಇಂಚು, ಇಂಚಿಗೆ 24 ಥ್ರೆಡ್, ಆದ್ರೆ ಲಾಕ್ ರಿಂಗಿಗೆ ಉಲ್ಟಾ ಮರೆ ಅದರಲ್ಲಿಲ್ಲ. ಹಾಗಾಗಿ ಟ್ರ್ಯಾಕ್ ಹಬ್ಬಿಗೆ ದುಡ್ಡು ಹಾಕಿ. ಫ್ಲಿಪ್ ಫ್ಲಾಪ್ ಹಬ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದರಲ್ಲಿ ಒಂದು ಕಡೆ ಕಾಗ್, ಇನ್ನೊಂದು ಕಡೆ ಮಾಮೂಲಿ ಫ್ರೀವೀಲ್ ಹಾಕಬಹುದು, ಮಂಡಿ ನೋವು ಬಂದ ದಿನ ಚಕ್ರ ತಿರುಗಿಸಿ ಹಾಕಿದ್ರೆ ಸಿಂಗಲ್ ಸ್ಪೀಡ್. ಫ್ರೀವೀಲ್ ಕಡೆ ಹಾಕಿದಾಗ ಕಾಲಲ್ಲಿ ಸ್ಲೋ ಮಾಡೋಕೆ ಆಗಲ್ಲ, ಆದ್ದರಿಂದ ಹಿಂದಿನ ಬ್ರೇಕೂ ಇರಲಿ.

ಈಗ ತೂತಿನ ಲೆಕ್ಕ. ನಮ್ಮ ದೊಡ್ಡ ಸೈಕಲ್‌ಗಳಲ್ಲಿ ಮುಂದಿನ ರಿಮ್ಮಿಗೆ 32 ಕಡ್ಡಿ, ಹಿಂದಿನದಕ್ಕೆ 40. ಟ್ರ್ಯಾಕ್ ಹಬ್ ಬರೋದು ಸಾಮಾನ್ಯವಾಗಿ 32 ಇಲ್ಲಾ 36 ತೂತಲ್ಲಿ. ಅಂದ್ರೆ ಹಳೇ ಹಿಂದಿನ ರಿಮ್ ಉಪಯೋಗಕ್ಕೆ ಬರಲ್ಲ, ಆದ್ರೆ 32 ತೂತಿನ ಹಬ್ ತಗೊಂಡ್ರೆ ಅದೇ ಸೈಕಲ್ಲಿನ ಮುಂದಿನ ರಿಮ್ ತಂದು ಹಿಂದಕ್ಕೆ ಕಟ್ಟಬಹುದು! ಮುಂದಕ್ಕೆ ಹೇಗೂ ಬೇರೆ ರಿಮ್ ಬೇಕಲ್ಲ. ಇಲ್ಲಿ ಒಂದು ರಿಮ್ ದುಡ್ಡು ಉಳೀತು.

ಕಡ್ಡಿ ಕಟ್ಟೋದು ಮನೇಲಿ ಕಲಿಯಬಹುದು, ಆದ್ರೆ ಮೊದಲ ಚಕ್ರ ಹಳೇ ಸೈಕಲ್ ಶಾಪಿನ ಯಜಮಾನರ ಹತ್ರ ಕಟ್ಟಿಸಿ, ಪಕ್ಕದಲ್ಲೇ ಕೂತು ನೋಡಿ. ಹಬ್ಬು ರಿಮ್ಮು ಎರಡನ್ನೂ ತಗೊಂಡು ಹೋದ್ರೆ ಕಡ್ಡಿ ಉದ್ದ ಅವರೇ ಅಳೆದು ಹೇಳ್ತಾರೆ. ಕಟ್ಟಿದ ಮೇಲೆ ಒಂದು ವಾರ ಓಡಿಸಿ ಮತ್ತೆ ತಗೊಂಡು ಹೋಗಿ ಬೆಂಡ್ ತೆಗೆಸಿ, ಹೊಸ ಕಡ್ಡಿ ಕೂರೋಕೆ ಟೈಮ್ ತಗೊಳತ್ತೆ.

ಹಬ್ಬಿನ ಅಗಲ ಸಾಮಾನ್ಯವಾಗಿ 120 ಎಂಎಂ. ನಿಮ್ಮ ಬಾಡಿಯ ಹಿಂದಿನ ಎರಡು ಕಾಲಿನ ಮಧ್ಯೆ ಒಳಗಡೆ ಎಷ್ಟಿದೆ ಅಳೀರಿ. ಮೂರ್ನಾಲ್ಕು ಎಂಎಂ ಕಮ್ಮಿ ಇದ್ರೆ ಸ್ಟೀಲ್ ಆದ್ದರಿಂದ ಕೈಯಲ್ಲೇ ಅಗಲಿಸಿ ಕೂರಿಸಬಹುದು, ಹಳೇ ಗೇರ್ ಬಾಡಿ ಆಗಿ 126 ಇದ್ರೆ ಎರಡು ಕಡೆಗೂ ಸಮವಾಗಿ ವಾಷರ್ ಹಾಕಿ. ಇನ್ನೊಂದು ಸಣ್ಣ ವಿಷಯ, ಟ್ರ್ಯಾಕ್ ಹಬ್ಬಿನ ಆಕ್ಸೆಲ್ 10 ಎಂಎಂ, ನಮ್ಮ ಹಳೇ ಸೈಕಲ್ಲಿನದ್ದು 3/8 ಇಂಚು, ಅರ್ಧ ಎಂಎಂನಷ್ಟು ಸಣ್ಣ, ಹಾಗಾಗಿ ಬಾಡಿಯ ಸೀಳು ಬಿಗಿ ಆಗಬಹುದು, ಅರದಲ್ಲಿ ಮೆಲ್ಲಗೆ ಉಜ್ಜಿ ಜಾಗ ಮಾಡ್ಕೊಳ್ಳಿ, ಹಬ್ಬಿನ ಆಕ್ಸೆಲನ್ನ ಉಜ್ಜಬೇಡಿ.

ಸ್ಟೆಪ್ 3: ಹಲ್ಲಿನ ಲೆಕ್ಕ

ಮುಂದಿನ ಚೈನ್ ವೀಲ್ ಹಲ್ಲನ್ನ ಹಿಂದಿನ ಕಾಗ್ ಹಲ್ಲಿಂದ ಭಾಗಿಸಿ. 44ಕ್ಕೆ 18 ಅಂದ್ರೆ 2.44, ಅಂದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರ ಎರಡೂವರೆ ಸುತ್ತಿನ ಹತ್ರ ತಿರುಗತ್ತೆ. 700ಸಿ ಅನ್ನೋ ಅಳತೆಯ ಚಕ್ರದಲ್ಲಿ ಇದು ಒಂದು ಸುತ್ತಿಗೆ 5 ಮೀಟರ್ ಚಿಲ್ಲರೆ. ನಿಮಿಷಕ್ಕೆ 60 ಸುತ್ತು ಆರಾಮಾಗಿ ತುಳಿದ್ರೆ ಗಂಟೆಗೆ 19 ಕಿಲೋಮೀಟರ್, 90 ಸುತ್ತು ತುಳಿದ್ರೆ 28. ಸಿಟಿಗೆ ಇನ್ನೇನು ಬೇಕು?

ಇಂಟರ್ನೆಟ್ಟಲ್ಲಿ 48ಕ್ಕೆ 16 ಹಾಕಿ ಅಂತಾರೆ. ಅದು ಚಪ್ಪಟೆ ಊರಿಗೆ. ಬಸವನಗುಡಿ ಬ್ಯೂಗಲ್ ರಾಕ್ ಸುತ್ತ, ಮಲ್ಲೇಶ್ವರದ ಕ್ರಾಸ್‌ಗಳಲ್ಲಿ ಒಂದ್ಸಲ ಓಡಾಡಿ, ನಮ್ಮೂರು ಏರಿಳಿತದ ಊರು ಅಂತ ತೊಡೆಗೆ ಗೊತ್ತಾಗತ್ತೆ. ಏರಿಗೆ ಮಾತ್ರ ಅಲ್ಲ, ದೊಡ್ಡ ಗೇರಲ್ಲಿ ಕಾಲಿಂದ ನಿಲ್ಲಿಸೋದೂ ಕಷ್ಟ, ಎಷ್ಟು ದೊಡ್ಡ ಗೇರೋ ಮಂಡಿ ಮೇಲೆ ಅಷ್ಟು ಭಾರ. 2.4ರಿಂದ 2.6ರ ಒಳಗೆ ಇರಿ.

ಇನ್ನೊಂದು ಕಾರಣನೂ ಇದೆ. ಹಿಂದಿನ ಚಕ್ರ ಲಾಕ್ ಮಾಡಿ ಜಾರಿಸೋದು, ಸ್ಕಿಡ್ ಅಂತಾರಲ್ಲ, ಅದನ್ನ ಮಾಡುವಾಗ ಪೆಡಲ್ ಯಾವಾಗ್ಲೂ ಒಂದೇ ಪೊಸಿಷನ್ನಲ್ಲಿ ಇರತ್ತೆ. 48ಕ್ಕೆ 16 ಆದ್ರೆ ಸರಿಯಾಗಿ ಮೂರು ಸುತ್ತು, ಪ್ರತಿ ಸಲ ಟೈರಿನ ಒಂದೇ ಜಾಗ ನೆಲಕ್ಕೆ ಉಜ್ಜತ್ತೆ, ಬೇಗ ತೂತು ಬೀಳತ್ತೆ. 44ಕ್ಕೆ 18 ಆದ್ರೆ ಭಿನ್ನರಾಶಿ ಸಣ್ಣ ಮಾಡಿ ನೋಡಿ, 22ಕ್ಕೆ 9, ಅಂದ್ರೆ 9 ಬೇರೆ ಬೇರೆ ಜಾಗ. 44ಕ್ಕೆ 17 ಆದ್ರೆ 17 ಜಾಗ. ಏಳನೇ ಕ್ಲಾಸಿನ ಲೆಕ್ಕ ಟೈರ್ ದುಡ್ಡು ಉಳಿಸತ್ತೆ.

ಸ್ಟೆಪ್ 4: ಕ್ರ್ಯಾಂಕ್, ಪೆಡಲ್

ಹಳೇ ಸೈಕಲ್ಲಿನ ಕ್ರ್ಯಾಂಕ್, ಅಂದ್ರೆ ಪೆಡಲ್ ಕೂರೋ ಕೈ, ಕಾಟರ್ ಪಿನ್ನಲ್ಲಿ ನಿಂತಿರತ್ತೆ. ಫಿಕ್ಸಿಯಲ್ಲಿ ಮುಂದಕ್ಕೂ ಹಿಂದಕ್ಕೂ ಎರಡೂ ಕಡೆ ಬಲ ಬೀಳೋದ್ರಿಂದ ಆ ಪಿನ್ ಬೇಗ ಸವೆದು ಕಟಕ್ ಕಟಕ್ ಅನ್ನೋಕೆ ಶುರು ಆಗತ್ತೆ. ಕಾಟರ್‌ಲೆಸ್, ಚೌಕದ ಆಕ್ಸೆಲ್ ಇರೋ ಸೆಟ್ ಹಾಕ್ಸಿ. ಅಂಗಡಿಗೆ ಬಾಡಿನೇ ತಗೊಂಡು ಹೋಗಿ ಮರೆ ಮ್ಯಾಚ್ ಮಾಡ್ಸಿ, ಅಂದಾಜಲ್ಲಿ ತರಬೇಡಿ. ಕ್ರ್ಯಾಂಕ್ ಉದ್ದ 165 ಎಂಎಂ ಸಿಕ್ಕಿದ್ರೆ ಬಿಡಬೇಡಿ, ಯಾಕಂದ್ರೆ ತಿರುವಲ್ಲಿ ಪೆಡಲ್ ಮೇಲೆ ಎತ್ತಿ ಹಿಡಿಯೋಕೆ ಆಗಲ್ಲ, ವಾಲಿದ ಕಡೆ ಪೆಡಲ್ ನೆಲಕ್ಕೆ ತಾಗಿದ್ರೆ ಹಿಂದಿನ ಚಕ್ರ ಎಗರತ್ತೆ. ನಮ್ಮ ಕಡಿದಾದ ಹಂಪ್‌ಗಳ ಮೇಲೂ ಇದೇ ಕಥೆ.

ಕಾಲು ಪೆಡಲ್ಲಿಂದ ಜಾರಬಾರದು, ಜಾರಿದ್ರೆ ತಿರುಗೋ ಪೆಡಲ್ ಮೊಣಕಾಲಿನ ಕೆಳಗೆ ಬಡಿಯತ್ತೆ. ಟೋ ಕ್ಲಿಪ್ ಅಥವಾ ಅಗಲದ ಸ್ಟ್ರಾಪ್ ಹಾಕಿ. ಚಪ್ಪಲಿಯಲ್ಲಿ ಓಡಿಸೋದು ಮರೆತುಬಿಡಿ.

ಸ್ಟೆಪ್ 5: ಜೋಡಿಸೋದು

ಟೂಲ್ಸ್‌ಗೆ ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಸುತ್ತ ನಡೆಯೋ ಸಂಡೇ ಬಜಾರಿಗೆ ಒಂದು ಸುತ್ತು ಹಾಕಿ, ಪಾನಾ ಸೆಟ್ಟು ಅರ ಎಲ್ಲಾ ಅಲ್ಲಿ ನೋಡಬಹುದು. ಚೈನ್ ವಿಪ್ (ಕಾಗ್ ತಿರುಗಿಸೋ ಟೂಲು) ಮತ್ತೆ ಲಾಕ್ ರಿಂಗ್ ಪಾನಾ ಮಾತ್ರ ಸೈಕಲ್ ಅಂಗಡಿಯಲ್ಲೇ ಕೇಳಿ.

ಹಬ್ಬಿನ ಮರೆಗೆ ಗ್ರೀಸ್ ಹಚ್ಚಿ, ಕಾಗನ್ನ ಮೊದಲು ಕೈಯಲ್ಲಿ ತಿರುಗಿಸಿ, ಎರಡು ಸುತ್ತು ಸಲೀಸಾಗಿ ಹೋಗದಿದ್ರೆ ಅಡ್ಡಮರೆ ಹತ್ತಿದೆ, ಬಿಚ್ಚಿ ಮತ್ತೆ ಶುರು ಮಾಡಿ. ಆಮೇಲೆ ಚೈನ್ ವಿಪ್ಪಲ್ಲಿ ಮೈಮೇಲೆ ಬಿದ್ದು ಬಿಗಿ ಮಾಡಿ. ಲಾಕ್ ರಿಂಗನ್ನ ಎಡಕ್ಕೆ ತಿರುಗಿಸಿ ಬಿಗಿ ಮಾಡಿ. ಈಗ ಒಂದು ಏರು ರೋಡಲ್ಲಿ ಸೀಟಿಂದ ಎದ್ದು ಜೋರಾಗಿ ತುಳೀರಿ, ಹಿಂದಕ್ಕೆ ಒತ್ತಬೇಡಿ, ನಿಲ್ಲಿಸೋಕೆ ಬ್ರೇಕ್ ಹಿಡೀರಿ. ಕಾಗ್ ಇನ್ನೂ ಸ್ವಲ್ಪ ಒಳಗೆ ಹೋಗಿರತ್ತೆ, ಲಾಕ್ ರಿಂಗ್ ಸಡಿಲ ಆಗಿರತ್ತೆ, ಮತ್ತೆ ಬಿಗಿ ಮಾಡಿ. ಇದನ್ನ ಮಾಡದೇ ಕಾಲಲ್ಲಿ ನಿಲ್ಲಿಸೋಕೆ ಹೋಗಬೇಡಿ.

ಚೈನ್ 1/8 ಇಂಚಿನದ್ದು, ನಮ್ಮ ಮಾಮೂಲಿ ದೊಡ್ಡ ಸೈಕಲ್ ಚೈನೇ, ಕಾಗೂ ಅದೇ ಅಳತೆಯದ್ದು ತಗೊಳ್ಳಿ. ಚೈನ್ ಹಿಂದೆಯಿಂದ ನೋಡಿದ್ರೆ ನೆಟ್ಟಗೆ ಇರಬೇಕು, ಮುಂದಿನ ಚೈನ್ ವೀಲಿಗೆ ಒಂದು ಉದ್ದದ ಸ್ಕೇಲ್ ಒರಗಿಸಿ ಹಿಂದಿನ ಕಾಗಿನ ಹತ್ರ ಎಲ್ಲಿ ಬರತ್ತೆ ನೋಡಿ, ಒಂದೆರಡು ಎಂಎಂ ವ್ಯತ್ಯಾಸ ನಡಿಯತ್ತೆ, ಜಾಸ್ತಿ ಇದ್ರೆ ವಾಷರ್ ಈ ಕಡೆ ಆ ಕಡೆ ಮಾಡಿ. ಫಿಕ್ಸಿಯಲ್ಲಿ ಚೈನ್ ಕಳಚಿದ್ರೆ ಹಿಂದಿನ ಚಕ್ರ ಗಕ್ಕಂತ ಲಾಕ್ ಆಗಬಹುದು, ಆದ್ದರಿಂದ ಇದನ್ನ ನಾಳೆ ನೋಡೋಣ ಅನ್ನಬೇಡಿ. ಬಿಗಿ ಎಷ್ಟು ಅಂದ್ರೆ ಮಧ್ಯದಲ್ಲಿ ಒತ್ತಿದ್ರೆ ಒಂದು ಸೆಂಟಿಮೀಟರ್‌ನಷ್ಟು ಆಡಬೇಕು. ಪೆಡಲ್ ಪೂರ್ತಿ ಸುತ್ತು ತಿರುಗಿಸಿ ಎಲ್ಲಿ ಅತೀ ಬಿಗಿ ಇದೆ ಅಲ್ಲಿ ಅಳೀರಿ, ಹಳೇ ಚೈನ್ ವೀಲ್ ಯಾವುದೂ ಪೂರ್ತಿ ರೌಂಡ್ ಇರಲ್ಲ.

ಇದನ್ನ ದಪ್ಪ ಅಕ್ಷರದಲ್ಲಿ ಬರೆದಿದೀನಿ ಅನ್ಕೊಂಡು ಓದಿ: ಚಕ್ರ ತಿರುಗ್ತಾ ಇರುವಾಗ ಚೈನ್ ಹತ್ರ ಬೆರಳು ತರಬೇಡಿ. ಮಾಮೂಲಿ ಸೈಕಲಲ್ಲಿ ಬೆರಳು ಸಿಕ್ಕಿದ್ರೆ ಪೆಡಲ್ ನಿಲ್ಲತ್ತೆ, ಇದರಲ್ಲಿ ಚಕ್ರದ ವೇಗ ಪೂರ್ತಿ ಚೈನಿನ ಮೇಲಿರತ್ತೆ, ಬೆರಳು ಕತ್ತರಿಸಿಯೇ ಹೋಗತ್ತೆ. ಬಟ್ಟೆ ಹಿಡ್ಕೊಂಡು ಚೈನ್ ಒರೆಸುವಾಗಲೇ ಇದು ಆಗೋದು. ಮನೇಲಿ ಮಕ್ಕಳಿದ್ರೆ ಸೈಕಲ್ ಎತ್ತಿ ಚಕ್ರ ತಿರುಗಿಸಿ ಆಟ ಆಡೋಕೆ ಬಿಡಬೇಡಿ. ದುಪಟ್ಟಾ, ಪ್ಯಾಂಟಿನ ಕೆಳಗಿನ ಅಂಚು, ಶೂ ಲೇಸ್ ಎಲ್ಲಾ ಒಳಗೆ ಸಿಕ್ಕಿಸಿ ಹತ್ತಿ.

ಸ್ಟೆಪ್ 6: ಮುಂದಿನ ಬ್ರೇಕ್

ಮುಂದಕ್ಕೆ ಅಲಾಯ್ ರಿಮ್ಮೇ ಹಾಕಿ. ಹೊಳೆಯೋ ಸ್ಟೀಲ್ ರಿಮ್ ಒಣಗಿದ್ದಾಗ ಪರವಾಗಿಲ್ಲ, ಮಳೇಲಿ ನೆನೆದ್ರೆ ಬ್ರೇಕ್ ಹಿಡಿಯೋದೇ ಇಲ್ಲ ಅನ್ನೋ ಹಾಗೆ ಜಾರತ್ತೆ, ನಮ್ಮೂರಲ್ಲಿ ಸಾಯಂಕಾಲದ ಮಳೆ ಯಾವಾಗ ಬರತ್ತೆ ಅಂತ ಯಾರಿಗೆ ಗೊತ್ತು. ಹಳೇ 28 ಇಂಚಿನ ರಿಮ್ ತೆಗೆದು 700ಸಿ ಹಾಕಿದ್ರೆ ರಿಮ್ ಆರೂವರೆ ಎಂಎಂ ಕೆಳಗೆ ಹೋಗತ್ತೆ, ಆದ್ದರಿಂದ ಉದ್ದ ಕೈ ಇರೋ ಕ್ಯಾಲಿಪರ್ ಬೇಕು, ಫೋರ್ಕಿನ ತೂತಿಂದ ರಿಮ್ಮಿನ ಮಧ್ಯಕ್ಕೆ ಎಷ್ಟಿದೆ ಅಳೆದು ಬರ್ಕೊಂಡು ಅಂಗಡಿಗೆ ಹೋಗಿ. ಬ್ರೇಕ್ ಕಟ್ಟೆ ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗೆ ತಾಗಿದ್ರೆ ಟೈರ್ ಹರಿಯತ್ತೆ. ಹೊಸ ಕೇಬಲ್, ಹೊಸ ಕಟ್ಟೆ, ಇದರಲ್ಲಿ ಹಳೇದು ಬೇಡ.

ಟೈರ್ 32 ಎಂಎಂ ಹತ್ರ ಇರಲಿ. ತೆಳ್ಳಗಿನ 23 ನೋಡೋಕೆ ಚೆನ್ನಾಗಿರತ್ತೆ, ಗುಂಡಿಗೆ ಬಿದ್ರೆ ಟ್ಯೂಬ್ ಎರಡು ಕಡೆ ಕಚ್ಚಿ ಪಂಚರ್.

ಸ್ಟೆಪ್ 7: ಓಡಿಸೋಕೆ ಕಲಿಯೋದು

ಸೈಕಲ್ ಬರತ್ತೆ ಅನ್ನೋದು ಇಲ್ಲಿ ಸ್ವಲ್ಪ ಉಲ್ಟಾ ಹೊಡಿಯತ್ತೆ, ಯಾಕಂದ್ರೆ ಕಾಲಿಗೆ ತುಳಿಯೋದು ನಿಲ್ಲಿಸಿ ರೆಸ್ಟ್ ತಗೊಳ್ಳೋ ಅಭ್ಯಾಸ ಇರತ್ತೆ. ನಿಲ್ಲಿಸಿದ ಕ್ಷಣಕ್ಕೆ ಪೆಡಲ್ ಕಾಲನ್ನ ಎತ್ತಿ ಒದೆಯತ್ತೆ. ಮೊದಲು ಖಾಲಿ ಮೈದಾನದಲ್ಲಿ, ಸೀಟ್ ಸ್ವಲ್ಪ ತಗ್ಗಿಸಿ, ಸ್ಟ್ರಾಪ್ ಸಡಿಲ ಬಿಟ್ಟು ಕಲೀರಿ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡಲ್ಲ, ಬೆಳಿಗ್ಗೆ ಬೇಗ ಹೋದ್ರೆ ಪ್ರಾಕ್ಟೀಸಿಗೆ ಒಳ್ಳೇ ಜಾಗ, ಆದ್ರೆ ಮಕ್ಕಳು ಓಡಾಡ್ತಿರ್ತಾರೆ, ಸ್ಪೀಡ್ ಬೇಡ.

ಸ್ಲೋ ಮಾಡೋದು ಎರಡು ಹಂತ, ಮೊದಲು ಕಾಲಲ್ಲಿ ತಡೆಯೋದು, ಜೊತೆಗೇ ಮುಂದಿನ ಬ್ರೇಕ್ ಮೆಲ್ಲಗೆ. ಇದು ಕೈಕಾಲಿಗೆ ಕೂತ ಮೇಲೇ ಮೇನ್ ರೋಡಿಗೆ ಹೋಗಿ. ಹಂಪ್ ಬಂದಾಗ ಸೀಟಿಂದ ಸ್ವಲ್ಪ ಎದ್ದು ಮೊಣಕೈ ಮಡಚಿ, ತುಳೀತಾನೇ ಇರಿ. ಇಳಿಜಾರಲ್ಲಿ ಸ್ಪೀಡ್ ಏರೋಕೆ ಮುಂಚೆನೇ ಬ್ರೇಕ್ ಹಿಡೀರಿ, ಕಾಲಿನ ವೇಗ ಕೈ ಮೀರಿ ಹೋದ ಮೇಲೆ ತಡೆಯೋದು ತುಂಬಾ ಕಷ್ಟ. ನಂದಿ ಬೆಟ್ಟಕ್ಕೆ ಇದನ್ನ ತಗೊಂಡು ಹೋಗಬೇಡಿ, ಹತ್ತೋದು ಹೇಗೋ ಆಗತ್ತೆ, ಇಳಿಯೋದು ಬೇರೆ ವಿಷಯ.

ಟ್ರಾಫಿಕ್ಕಲ್ಲಿ ಚರಂಡಿ ಅಂಚಿಗೆ ಅಂಟ್ಕೊಂಡು ಹೋಗಬೇಡಿ, ಒಂದು ಮೀಟರ್ ಒಳಗೆ ಬನ್ನಿ, ಆಗ ಹಿಂದಿನವರಿಗೆ ನೀವು ಕಾಣ್ತೀರ, ಗುಂಡಿ ತಪ್ಪಿಸೋಕೆ ಎಡಗಡೆ ಜಾಗನೂ ಇರತ್ತೆ. ಸ್ಟಾಪಲ್ಲಿ ನಿಂತ ಬಸ್ಸಿನ ಎಡಗಡೆ ನುಗ್ಗೋದಂತೂ ಬೇಡವೇ ಬೇಡ. ಹಿಂದೆ ಕೆಂಪು ಲೈಟು, ಮುಂದೆ ಬಿಳೀ ಲೈಟು, ಬೆಲ್ಲು, ಹೆಲ್ಮೆಟ್ಟು, ಇದಿಷ್ಟು ಇಲ್ಲದೆ ರಾತ್ರಿ ಹೊರಡಬೇಡಿ.

ಮೇಂಟೆನೆನ್ಸ್ ಅಂತ ಜಾಸ್ತಿ ಇಲ್ಲ. ವಾರಕ್ಕೊಂದ್ಸಲ ಹಿಂದಿನ ನಟ್ಟು, ಲಾಕ್ ರಿಂಗು, ಚೈನ್ ಬಿಗಿ ನೋಡಿ, ಮಳೇಲಿ ನೆನೆದ ದಿನ ಚೈನಿಗೆ ಎಣ್ಣೆ ಬಿಡಿ. ಚೈನ್ ಸವೆದಿದ್ಯಾ ಅಂತ ನೋಡೋಕೆ ಸ್ಕೇಲ್ ಸಾಕು, ಹೊಸ ಚೈನಲ್ಲಿ 24 ಕೊಂಡಿ ಸೇರಿ ಸರಿಯಾಗಿ 12 ಇಂಚು ಇರತ್ತೆ, ಪಿನ್ನಿನ ಮಧ್ಯದಿಂದ ಪಿನ್ನಿನ ಮಧ್ಯಕ್ಕೆ ಅಳೀರಿ, 12 ಮತ್ತು 1/8 ಇಂಚು ಆಗಿದ್ರೆ ಚೈನ್ ಬದಲಾಯಿಸಿ, ತಡ ಮಾಡಿದ್ರೆ ಕಾಗನ್ನೂ ತಿಂದು ಹಾಕತ್ತೆ.